ಎದೆಭಾರ ಇಳಿಸುವ ಆಪರೇಷನ್: ಮಾಡಿಸಿಕೊಂಡವರು ಇದ್ದದ್ದು ಇದ್ದ ಹಾಗೆ ಹೇಳಿ

ಬೆಣ್ಣೆದೋಸೆ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆ ಹೈಸ್ಕೂಲ್ ಟೀಚರ್. ವಯಸ್ಸು 36, ಒಬ್ಬ ಮಗ ಇದ್ದಾನೆ. ಪಿಯುಸಿಯಲ್ಲಿದ್ದಾಗಿನಿಂದಲೂ ನನ್ನ ಎದೆ ಮೈಗಿಂತ ಜಾಸ್ತಿ ದೊಡ್ಡದು. ಮಗ ಹುಟ್ಟಿದ ಮೇಲೆ ಇನ್ನೂ ಭಾರವಾಯಿತು. ದಿನವಿಡೀ ನಿಂತು ಪಾಠ ಮಾಡಿ ಮನೆಗೆ ಬಂದರೆ ಕತ್ತು, ಭುಜ, ಬೆನ್ನು ಎಲ್ಲಾ ಹಿಡಿದುಕೊಂಡಿರುತ್ತೆ. ಬ್ರಾ ಪಟ್ಟಿ ಕೂರುವ ಜಾಗದಲ್ಲಿ ಎರಡೂ ಭುಜದ ಮೇಲೆ ಬೆರಳು ಕೂರುವಷ್ಟು ಹಳ್ಳ ಬಿದ್ದಿದೆ, ಅಲ್ಲಿ ಚರ್ಮ ಕಪ್ಪಾಗಿದೆ. ಬೇಸಿಗೆ ಬಂದರೆ ಎದೆ ಕೆಳಗೆ ಬೆವರು ನಿಂತು ಉರಿ, ತುರಿಕೆ. ಹಳೇ ಕಾಟನ್ ಸೀರೆ ಹರಿದು, ಮಡಿಸಿ, ಒಳಗೆ ಇಟ್ಟುಕೊಂಡು ಶಾಲೆಗೆ ಹೋಗುತ್ತೇನೆ.

ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿದರು, ಫಿಸಿಯೋಥೆರಪಿಗೂ ಕಳಿಸಿದರು. ಕೊನೆಗೆ ‘ಸ್ತನ ಸಣ್ಣ ಮಾಡುವ ಆಪರೇಷನ್ ಇದೆ, ಒಮ್ಮೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಮಾತಾಡಿ ಬನ್ನಿ’ ಅಂದರು. ಮನೆಗೆ ಬಂದು ಹುಡುಕಿದರೆ ಬರೀ ಜಾಹೀರಾತು. ನಗುವ ಹುಡುಗಿ ಫೋಟೋ, ಕೆಳಗೆ ‘ಮೂರೇ ದಿನದಲ್ಲಿ ಕೆಲಸಕ್ಕೆ’. ನಂಬೋದು ಹೇಗೆ?

ನೋವು ಎಷ್ಟಿರುತ್ತೆ, ಕಲೆ ಎಷ್ಟು ಉಳಿಯುತ್ತೆ, ರಜೆ ಎಷ್ಟು ಹಾಕಬೇಕು, ಇನ್ಶೂರೆನ್ಸ್ ಸಿಗುತ್ತಾ? ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ಹೇಳಿ.

ರವೆಉಂಡೆ

ಮೇಡಂ, ಬೇಜಾರು ಮಾಡ್ಕೋಬೇಡಿ, ಸುಮ್ನೆ ಕೇಳ್ತಿದ್ದೀನಿ. ತೂಕ ಇಳಿಸಿ ವ್ಯಾಯಾಮ ಮಾಡಿದರೆ ಇದೂ ಇಳಿಯೋದಿಲ್ವಾ? ಅದಕ್ಕೂ ಕತ್ತರಿ ಹಾಕಿಸಬೇಕಾ?

ತುಂಗಾತೀರ

ರವೆಉಂಡೆ ಅವರೇ, ಈ ಪ್ರಶ್ನೆ ನನಗೆ ನಮ್ಮಮ್ಮನಿಂದ ಹಿಡಿದು ಬ್ಲೌಸ್ ಹೊಲಿಯುವ ಟೈಲರ್‌ವರೆಗೆ ಎಲ್ಲರೂ ಕೇಳಿದ್ದಾರೆ. ನಾನು ತೂಕ ಇಳಿಸಿದ್ದೆ. ಮುಖ ಇಳಿಯಿತು, ಸೊಂಟ ಇಳಿಯಿತು. ಎದೆ ಇದ್ದಷ್ಟೇ ಇತ್ತು. ಸೊಂಟ ಸಣ್ಣಗಾಗಿ ಇನ್ನೂ ಎದ್ದು ಕಾಣೋಕೆ ಶುರುವಾಯಿತು ಅಷ್ಟೆ. ಆಮೇಲೆ ಓಡಿ, ಜಿಗಿದು ವ್ಯಾಯಾಮ ಮಾಡೋಕೆ ಆಗದೇ ಇರೋದೇ ಇದರಿಂದ ಅಲ್ವಾ? ಒಂದರ ಮೇಲೊಂದು ಎರಡು ಬ್ರಾ ಹಾಕಿಕೊಂಡು ವಾಕಿಂಗ್ ಹೋಗುವ ಕಷ್ಟ ಗಂಡಸರಿಗೆ ಹೇಗೆ ಹೇಳೋದು.

ಓಟಿ ದೀಪ

ನಾನು ಪ್ಲಾಸ್ಟಿಕ್ ಸರ್ಜನ್. ಹೆಸರು, ಊರು ಬೇಡ. ಇಲ್ಲಿ ಪೇಷೆಂಟ್ ಹುಡುಕೋಕೆ ಬಂದಿಲ್ಲ.

ರವೆಉಂಡೆ ಅವರ ಪ್ರಶ್ನೆ ತಪ್ಪಲ್ಲ. ಎದೆಯಲ್ಲಿ ಕೊಬ್ಬೂ ಇರುತ್ತೆ, ಹಾಲಿನ ಗ್ರಂಥಿಯೂ ಇರುತ್ತೆ. ಯಾವುದು ಎಷ್ಟು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ಕೊಬ್ಬು ಜಾಸ್ತಿ ಇದ್ದವರಿಗೆ ತೂಕ ಇಳಿದರೆ ಸ್ವಲ್ಪ ಕಡಿಮೆಯಾಗುತ್ತೆ, ಗ್ರಂಥಿ ಜಾಸ್ತಿ ಇದ್ದವರಿಗೆ ಆಗೋದಿಲ್ಲ. ಎದೆಯ ಸ್ನಾಯುವಿಗೆ ಎಷ್ಟೇ ವ್ಯಾಯಾಮ ಕೊಟ್ಟರೂ ಅದರ ಮೇಲೆ ಕೂತಿರುವ ಭಾರ ಕರಗೋದಿಲ್ಲ. ಹಚ್ಚಿದರೆ ಸಣ್ಣ ಆಗುತ್ತೆ ಅಂತ ಮಾರುವ ಎಣ್ಣೆ, ಕ್ರೀಮಿಗೆ ದುಡ್ಡು ಹಾಕಬೇಡಿ. ಆದರೂ ಬೊಜ್ಜು ಇದ್ದರೆ ಮೊದಲು ತೂಕ ಒಂದು ಹಂತಕ್ಕೆ ಬಂದು ನಿಲ್ಲಲಿ ಅಂತ ನಾವೂ ಕಾಯುತ್ತೇವೆ. ತೂಕ ಜಾಸ್ತಿ ಇದ್ದಷ್ಟೂ ಗಾಯ ಮಾಯೋದು ನಿಧಾನ.

ಈಗ ಟೀಚರ್ ಕೇಳಿದ್ದಕ್ಕೆ ಬರ್ತೀನಿ. ಆಪರೇಷನ್‌ಗೆ ಮುಂಚೆ ನಿಮ್ಮನ್ನು ನೆಟ್ಟಗೆ ನಿಲ್ಲಿಸಿ ಮಾರ್ಕರ್ ಪೆನ್ನಿನಲ್ಲಿ ಗೆರೆ ಹಾಕುತ್ತೇವೆ. ಮಲಗಿದರೆ ಎದೆ ಪಕ್ಕಕ್ಕೆ ಹರಡಿಕೊಳ್ಳುತ್ತೆ, ಅಳತೆ ಕೆಡುತ್ತೆ. ಈಗಲೂ ತುಂಬಾ ಕಡೆ ಬಳಸುವ ಗೆರೆಗಳ ನಕ್ಷೆ 1956ರಲ್ಲಿ ರಾಬರ್ಟ್ ವೈಸ್ ಅನ್ನುವ ಅಮೆರಿಕದ ಸರ್ಜನ್ ಕೊಟ್ಟದ್ದು. ಬ್ರಾ ಹೊಲಿಯೋಕೆ ಬಟ್ಟೆ ಕತ್ತರಿಸುವ ಪ್ಯಾಟರ್ನ್ ನೋಡಿ ಮಾಡಿದ್ದು. ಹಾಗಾಗಿ ಇದರ ಮೂಲ ಟೈಲರ್ ವಿದ್ಯೆ ಅಂದರೂ ನಡೆಯುತ್ತೆ.

ಪೂರ್ತಿ ಅರಿವಳಿಕೆ ಕೊಡುತ್ತಾರೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ ಹಿಡಿಯುತ್ತೆ. ಗ್ರಂಥಿ, ಕೊಬ್ಬು, ಜಾಸ್ತಿ ಇರುವ ಚರ್ಮ ಇಷ್ಟನ್ನೂ ತೆಗೆಯುತ್ತೇವೆ. ತೊಟ್ಟನ್ನು ಕತ್ತರಿಸಿ ಬೇರೆ ಮಾಡೋದಿಲ್ಲ. ಅದಕ್ಕೆ ರಕ್ತ ಮತ್ತು ನರ ತಂದುಕೊಡುವ ಭಾಗದ ಸಮೇತ ಮೇಲಕ್ಕೆ ಸರಿಸಿ ಕೂರಿಸುತ್ತೇವೆ. ಆ ಭಾಗಕ್ಕೆ ಪೆಡಿಕಲ್ ಅಂತಾರೆ. ‘ನಿಮ್ಮ ಪೆಡಿಕಲ್ ಯಾವ ಕಡೆಯಿಂದ?’ ಅಂತ ನಿಮ್ಮ ಸರ್ಜನ್‌ರನ್ನು ಕೇಳಿ. ಬೇಜಾರಿಲ್ಲದೆ ಚಿತ್ರ ಬರೆದು ತೋರಿಸುವವರ ಹತ್ತಿರ ಧೈರ್ಯವಾಗಿ ಹೋಗಬಹುದು. ಎದೆ ವಿಪರೀತ ದೊಡ್ಡದಿದ್ದು ತೊಟ್ಟು ತುಂಬಾ ಕೆಳಗೆ ಇಳಿದಿದ್ದರೆ ಮಾತ್ರ ತೊಟ್ಟನ್ನು ಪೂರ್ತಿ ಬಿಡಿಸಿ ಚರ್ಮ ಕಸಿ ಮಾಡಿದ ಹಾಗೆ ಮತ್ತೆ ಕೂರಿಸಬೇಕಾಗುತ್ತೆ. ಹಾಗೆ ಮಾಡಿದರೆ ಆಮೇಲೆ ಎದೆಹಾಲು ಕೊಡೋಕೆ ಆಗೋದಿಲ್ಲ, ಮೊದಲಿನ ಸ್ಪರ್ಶವೂ ಇರೋದಿಲ್ಲ.

ಕಲೆ ಉಳಿಯುತ್ತೆ. ಉಳಿಯೋದೇ ಇಲ್ಲ ಅಂದರೆ ಎದ್ದು ಬನ್ನಿ. ತೊಟ್ಟಿನ ಸುತ್ತ ಒಂದು, ಅಲ್ಲಿಂದ ನೇರ ಕೆಳಗೆ ಒಂದು, ಎದೆ ಕೆಳಗಿನ ಮಡಿಕೆಯಲ್ಲಿ ಅಡ್ಡಕ್ಕೆ ಒಂದು. ಕಡಿಮೆ ತೆಗೆಯೋದಾದರೆ ಅಡ್ಡಗೆರೆ ತಪ್ಪಿಸಬಹುದು. ಮೊದಲ ಕೆಲವು ತಿಂಗಳು ಗೆರೆ ಕೆಂಪಗೆ ಅಥವಾ ಕಪ್ಪಗೆ ಗಟ್ಟಿಯಾಗಿರುತ್ತೆ. ಒಂದು ವರ್ಷ, ಕೆಲವರಿಗೆ ಎರಡು ವರ್ಷದಲ್ಲಿ ಮಾಸುತ್ತೆ. ನಮ್ಮ ಕಡೆಯ ಮೈಬಣ್ಣಕ್ಕೆ ಕೀಲಾಯ್ಡ್, ಅಂದರೆ ಗಾಯದ ಗೆರೆ ಉಬ್ಬಿ ಬೆಳೆಯೋದು, ಬಿಳಿಯರಿಗಿಂತ ಜಾಸ್ತಿ. ಕಿವಿ ಚುಚ್ಚಿಸಿದಾಗಲೋ ಸಿಸೇರಿಯನ್ ಆದಾಗಲೋ ಹಾಗೆ ಆಗಿದ್ದರೆ ಮೊದಲೇ ಹೇಳಿ.

ಇನ್ನೊಂದು ಮಾತು. ‘ಇಂಥದ್ದೇ ಕಪ್ ಸೈಜ್ ಮಾಡಿಕೊಡಿ’ ಅಂದರೆ ಯಾವ ಸರ್ಜನ್ ಕೈಲೂ ಖಾತರಿ ಕೊಡೋಕೆ ಆಗೋದಿಲ್ಲ. ತೊಟ್ಟಿಗೆ ರಕ್ತ ಹೋಗೋಕೆ ಬೇಕಾದಷ್ಟು ಬಿಡಲೇಬೇಕು.

ತುಂಗಾತೀರ

ಡಾಕ್ಟ್ರು ಒಳಗಿನದು ಹೇಳಿದರು, ನಾನು ಹೊರಗಿನದು ಹೇಳ್ತೀನಿ. ನಾನು ಶಿವಮೊಗ್ಗದವಳು, ಮಾಡಿಸಿದ್ದು ಬೆಂಗಳೂರಿನಲ್ಲಿ, ಈಗ ಎರಡನೇ ವರ್ಷ ನಡೀತಿದೆ.

ಎಚ್ಚರವಾದಾಗ ನೋವಿಗಿಂತ ಮೊದಲು ಗೊತ್ತಾಗಿದ್ದು ಕತ್ತು ಹಗುರ ಆಗಿದ್ದು. ಉತ್ಪ್ರೇಕ್ಷೆ ಅಲ್ಲ. ಎರಡೂ ಪಕ್ಕದಲ್ಲಿ ಸಣ್ಣ ನಳಿಕೆ ಇಟ್ಟು ಬಾಟಲಿಗೆ ಜೋಡಿಸಿದ್ದರು, ಒಳಗೆ ನಿಂತ ರಕ್ತ, ನೀರು ಹೊರಗೆ ಬರೋಕೆ. ನರ್ಸ್ ಬಂದು ಎಷ್ಟು ಎಂಎಲ್ ಅಂತ ಬರೆದುಕೊಂಡು ಹೋಗೋರು. ಮನೆಗೆ ಹೊರಡುವ ಮುಂಚೆ ತೆಗೆದರು. ಎಲ್ಲರಿಗೂ ಈ ನಳಿಕೆ ಇಡೋದಿಲ್ಲವಂತೆ. ನೋವು ನನಗೆ ಸಿಸೇರಿಯನ್‌ಗಿಂತ ಕಡಿಮೆ ಅನ್ನಿಸಿತು. ಕೆಮ್ಮು ಬಂದಾಗ, ಮಂಚದಿಂದ ಏಳುವಾಗ ಮಾತ್ರ ಎಳೆದ ಹಾಗೆ ಆಗೋದು.

ಮೊದಲ ಸಲ ಕನ್ನಡಿ ನೋಡಿಕೊಂಡಾಗ ಅಳು ಬಂತು. ಊದಿಕೊಂಡು, ಮೇಲಕ್ಕೆ ಎತ್ತಿ, ಚೌಕಚೌಕವಾಗಿ, ಟೇಪು, ಕಪ್ಪು ದಾರ. ಇದಕ್ಕಾ ದುಡ್ಡು ಕೊಟ್ಟೆ ಅನ್ನಿಸಿತ್ತು. ಅದು ಇಳಿಯುತ್ತೆ. ತಿಂಗಳುಗಟ್ಟಲೆ ನಿಧಾನಕ್ಕೆ ಇಳಿದು, ದುಂಡಗಾಗಿ, ತನ್ನ ಜಾಗಕ್ಕೆ ಬಂದು ಕೂರುತ್ತೆ.

ಮನೆಯಲ್ಲಿ ಮೊದಲೇ ಮಾಡಿಟ್ಟುಕೊಳ್ಳಿ:

ಮುಂದೆ ಬಟನ್ ಅಥವಾ ಜಿಪ್ ಇರುವ ನೈಟಿ ನಾಲ್ಕೈದು ಬೇಕು. ತಲೆ ಮೇಲಿಂದ ಹಾಕುವ ಯಾವುದೂ ಬೇಡ.

ಬೆನ್ನ ಮೇಲೆ, ತಲೆ ಕಡೆ ಎತ್ತರ ಮಾಡಿಕೊಂಡು ಮಲಗಬೇಕು. ನಾನು ಮಗ್ಗುಲಾಗಿ ಮಲಗುವವಳು, ನಿದ್ದೆಯೇ ಬರ್ತಿರಲಿಲ್ಲ. ಎರಡೂ ಕಡೆ ದಿಂಬು ಇಟ್ಟು ಆಚೆ ಈಚೆ ಹೊರಳದ ಹಾಗೆ ಮಾಡಿದರು ನಮ್ಮತ್ತೆ.

ದಿನಾ ಬೇಕಾಗುವ ಸಾಮಾನು ಅಟ್ಟದಿಂದ, ಮೇಲಿನ ಶೆಲ್ಫಿನಿಂದ ಸೊಂಟದ ಎತ್ತರಕ್ಕೆ ಇಳಿಸಿ. ತುಂಬಿದ ಬಕೆಟ್, ಐದು ಲೀಟರ್ ಕುಕ್ಕರ್, ಗ್ಯಾಸ್ ಸಿಲಿಂಡರ್, ಅಳುವ ಮಗು ಯಾವುದನ್ನೂ ಎತ್ತೋ ಹಾಗಿಲ್ಲ. ಇದು ನಾಲ್ಕರಿಂದ ಆರು ವಾರ. ಹಿಟ್ಟು ನಾದೋದು, ಬೆಡ್‌ಶೀಟ್ ಹಿಂಡೋದು ಕೂಡ ಅದರಲ್ಲೇ ಬರುತ್ತೆ, ಇದು ಯಾರೂ ಹೇಳೋದಿಲ್ಲ. ಜಡೆ ಹಾಕಿಕೊಳ್ಳೋಕೆ ಕೈ ಮೇಲೆತ್ತೋದು ಕಷ್ಟ. ನಮ್ಮ ಮನೆಯವರು ಬಾಚಿ ಕ್ಲಿಪ್ ಹಾಕುತ್ತಿದ್ದರು, ಬೈತಲೆ ಒಂದು ದಿನವೂ ನೆಟ್ಟಗೆ ಬರಲಿಲ್ಲ.

ಆಸ್ಪತ್ರೆಯವರು ಕೊಟ್ಟ ಬಿಗಿ ಬ್ರಾ ಹಗಲೂ ರಾತ್ರಿ ಹಾಕಿರಬೇಕು. ಒಗೆಯೋಕೆ, ಬದಲಾಯಿಸೋಕೆ ಎರಡಾದರೂ ಬೇಕು. ತಂತಿ ಇರುವ ಬ್ರಾ ಡಾಕ್ಟರ್ ಹೇಳುವವರೆಗೆ ಮುಟ್ಟಬೇಡಿ.

ಮದುವೆ ಗಿದುವೆ ಇದೆ ಅಂತ ತಕ್ಷಣ ಬ್ಲೌಸ್ ಹೊಲಿಸಬೇಡಿ. ಆರು ತಿಂಗಳು ತಡೀರಿ, ಅಳತೆ ಬದಲಾಗ್ತಾನೇ ಇರುತ್ತೆ. ನಮ್ಮ ಟೈಲರಮ್ಮ ಹಳೇ ಅಳತೆ ಬ್ಲೌಸನ್ನೂ ನನ್ನನ್ನೂ ಎರಡೆರಡು ಸಲ ನೋಡಿ, ‘ಇದು ನಿಮ್ದೇನಾ ಅಕ್ಕ?’ ಅಂದಳು.

ಕಡಲಕಿನಾರೆ

ಎಲ್ಲರಿಗೂ ಇಷ್ಟು ಸಲೀಸಾಗಿ ಆಗೋದಿಲ್ಲ, ಅದನ್ನೂ ಹೇಳಿಬಿಡ್ತೀನಿ.

ನೇರ ಗೆರೆ ಮತ್ತು ಅಡ್ಡ ಗೆರೆ ಸೇರುವ ಜಾಗ ಇದೆಯಲ್ಲ, ಅಲ್ಲಿ ನನ್ನ ಬಲಗಡೆ ಹೊಲಿಗೆ ಬಿಟ್ಟುಕೊಂಡಿತು. ಸುಮಾರು ಒಂದು ರೂಪಾಯಿ ನಾಣ್ಯದಷ್ಟು ಗಾಯ. ಮೊದಲು ಹಳದಿ ಪೊರೆ, ಆಮೇಲೆ ಒದ್ದೆ. ನನಗಂತೂ ಜೀವವೇ ಹೋದ ಹಾಗಾಯಿತು. ಡ್ರೆಸಿಂಗ್ ಮಾಡಿಸುತ್ತಾ ಮಾಯೋಕೆ ತಿಂಗಳ ಮೇಲೆ ಹಿಡಿಯಿತು. ನನಗೆ ಶುಗರ್ ಇದೆ, ಅದೂ ಒಂದು ಕಾರಣ ಅಂದರು. ಮತ್ತೆ ಹೊಲಿಯಲಿಲ್ಲ, ತಾನಾಗಿಯೇ ಮುಚ್ಚಿಕೊಂಡಿತು.

ಎಡಗಡೆ ತೊಟ್ಟಿಗೆ ಇವತ್ತಿಗೂ ಸ್ಪರ್ಶ ಗೊತ್ತಾಗೋದಿಲ್ಲ. ಬಲಗಡೆಯದು ಮೊದಮೊದಲು ಬಟ್ಟೆ ತಾಗಿದರೂ ಶಾಕ್ ಹೊಡೆದ ಹಾಗೆ ಆಗೋದು, ಈಗ ಸರಿ ಇದೆ. ಗಂಡ ಹೆಂಡತಿ ನಡುವೆ ಇದರಿಂದ ಏನೂ ವ್ಯತ್ಯಾಸ ಆಗೋದಿಲ್ಲ ಅಂತ ನಾನು ಹೇಳೋದಿಲ್ಲ. ಮೊದಲೇ ಇಬ್ಬರೂ ಕೂತು ಮಾತಾಡಿಕೊಳ್ಳಿ.

ಬೆನ್ನುನೋವು ಹೋಗಿದೆ. ಎದೆ ಕೆಳಗಿನ ಬೆವರು, ಹುಣ್ಣು ಹೋಗಿದೆ. ಮತ್ತೆ ಮಾಡಿಸ್ತೀರಾ ಅಂತ ಕೇಳಿದರೆ ಮಾಡಿಸ್ತೀನಿ. ನನ್ನ ಸಿಟ್ಟು ಇರೋದು ಆಸ್ಪತ್ರೆಯ ಕೌನ್ಸೆಲರ್ ಮೇಲೆ. ಹೊಲಿಗೆ ಬಿಡಬಹುದು ಅನ್ನೋ ಒಂದು ಮಾತು ಆಕೆ ಹೇಳಲಿಲ್ಲ. ಸಹಿ ಹಾಕುವ ಕಾಗದದಲ್ಲಿ ಮಾತ್ರ ಸಣ್ಣಕ್ಷರದಲ್ಲಿ ಎಲ್ಲಾ ಇತ್ತು.

ಓಟಿ ದೀಪ

ಕಡಲಕಿನಾರೆ ಅವರೇ, ಬರೆದಿದ್ದು ಒಳ್ಳೇದಾಯಿತು. ಆ ಕೂಡು ಜಾಗದಲ್ಲಿ ಚರ್ಮ ತುಂಬಾ ಬಿಗಿ, ರಕ್ತ ಓಡಾಟ ಕಡಿಮೆ. ಈ ಆಪರೇಷನ್‌ನಲ್ಲಿ ಹೆಚ್ಚಾಗಿ ಕಾಣುವ ತೊಂದರೆಯೇ ಅದು. ಬಹಳ ಸಲ ಡ್ರೆಸಿಂಗ್‌ನಲ್ಲೇ ವಾಸಿಯಾಗುತ್ತೆ.

ಉಳಿದದ್ದೂ ಹೇಳಿಬಿಡ್ತೀನಿ. ಒಳಗೆ ರಕ್ತ ಕಟ್ಟಿಕೊಳ್ಳಬಹುದು, ಸೋಂಕು ಆಗಬಹುದು. ಕೊಬ್ಬಿನ ತುಣುಕು ಸತ್ತು ಗಂಟಾಗಬಹುದು. ಎರಡೂ ಕಡೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತೆ, ಅದು ಮೊದಲೂ ಇತ್ತು, ನಾವು ಗಮನಿಸಿರೋದಿಲ್ಲ. ತೊಟ್ಟಿಗೆ ರಕ್ತ ಬರೋದು ನಿಂತು ಅದು ಸತ್ತು ಹೋಗೋದು ಅಪರೂಪ, ಆದರೆ ಆಗೋದೇ ಇಲ್ಲ ಅನ್ನೋ ಹಾಗಿಲ್ಲ. ಸಿಗರೇಟು ಸೇದುವವರಲ್ಲಿ ಇದರ ಅಪಾಯ ಜಾಸ್ತಿ. ‘ನಾವು ಸಿಗರೇಟ್ ಮುಟ್ಟೋದಿಲ್ಲ’ ಅಂತ ನಮ್ಮ ಹೆಂಗಸರು ಹೇಳ್ತಾರೆ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕೋದನ್ನು ಹೇಳೋದೇ ಇಲ್ಲ. ನಿಕೋಟಿನ್ ಅದರಲ್ಲೂ ಇದೆ. ಕಡೇಪಕ್ಷ ನಾಲ್ಕು ವಾರ ಮುಂಚೆ ಬಿಡಿ. ರಕ್ತ ತೆಳು ಮಾಡುವ ಮಾತ್ರೆ, ಗರ್ಭನಿರೋಧಕ ಮಾತ್ರೆ, ನಾಟಿ ಔಷಧಿ, ಕಷಾಯ ಏನೇ ತಗೊಳ್ಳುತ್ತಿದ್ದರೂ ಹೇಳಿ. ನೀವಾಗಿ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ.

ಮನೆಗೆ ಹೋದ ಮೇಲೆ ಒಂದು ಕಡೆ ಮಾತ್ರ ಇದ್ದಕ್ಕಿದ್ದ ಹಾಗೆ ಊದಿ ಬಿಗಿದರೆ, ತೊಟ್ಟು ಕಪ್ಪು ನೀಲಿಗೆ ತಿರುಗಿದರೆ, ಚಳಿಜ್ವರ ಅಥವಾ ಕೀವು ಬಂದರೆ, ಮೀನಖಂಡ ಊದಿದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ಹೊತ್ತಿಗೇ ಫೋನ್ ಮಾಡಿ ಹೊರಡಿ.

ಕ್ಲೇಮ್ ಕಾಕಾ

ಇನ್ಶೂರೆನ್ಸ್ ವಿಷಯ ನನಗೆ ಬಿಡಿ. ನಾನು ಹುಬ್ಬಳ್ಳಿಯವ, ಟಿಪಿಎ, ಅಂದರೆ ವಿಮಾ ಕಂಪನಿ ಪರವಾಗಿ ಕ್ಲೇಮ್ ನೋಡುವ ಆಫೀಸಿನಲ್ಲಿ ಬಹಳ ವರ್ಷ ಇದೇ ಫೈಲು ತಿರುವಿ ಹಾಕಿದವ.

ಟೀಚರಮ್ಮ, ನಿಮ್ಮ ಪಾಲಿಸಿ ಪುಸ್ತಕದಲ್ಲಿ ‘ಎಕ್ಸ್‌ಕ್ಲೂಷನ್’, ಅಂದರೆ ಯಾವುದಕ್ಕೆ ದುಡ್ಡು ಕೊಡೋದಿಲ್ಲ ಅನ್ನುವ ಭಾಗ ತೆಗೆಯಿರಿ. ಅದರಲ್ಲಿ ಕೋಡ್ ಎಕ್ಸ್‌ಸಿಎಲ್ 08 ಅಂತ ಇರುತ್ತದೆ. ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಎಲ್ಲಾ ಕಂಪನಿಗೂ ಒಂದೇ ಒಕ್ಕಣೆ ಹಾಕಿಕೊಟ್ಟಿದೆ. ಕಾಸ್ಮೆಟಿಕ್ ಅಥವಾ ಪ್ಲಾಸ್ಟಿಕ್ ಸರ್ಜರಿಗೆ ದುಡ್ಡು ಕೊಡೋದಿಲ್ಲ ಅಂತ ಮೊದಲ ಸಾಲು. ಎಲ್ಲರೂ ಅಲ್ಲಿಗೇ ಓದೋದು ನಿಲ್ಲಿಸಿ ಕೈ ಚೆಲ್ಲುತ್ತಾರೆ. ಮುಂದಿನ ಸಾಲು ನೋಡಿ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲಿನ ರಿಪೇರಿಗೆ ವಿನಾಯಿತಿ ಇದೆ. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ತಪ್ಪಿಸೋಕೆ ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆಯ ಭಾಗವಾಗಿದ್ದರೂ ವಿನಾಯಿತಿ ಇದೆ. ಆದರೆ ಚಿಕಿತ್ಸೆ ಕೊಡುವ ಡಾಕ್ಟರು ಅದನ್ನು ಬರೆದು ಕೊಡಬೇಕು. ಜಗಳ ನಡೆಯೋದೆಲ್ಲ ಈ ‘ತಕ್ಷಣದ ಅಪಾಯ’ ಅನ್ನೋ ಮಾತಿನ ಮೇಲೆ. ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳೋದಿಲ್ಲ, ತಿರಸ್ಕಾರ ಆಗಿದ್ದೇ ಜಾಸ್ತಿ ನೋಡಿದ್ದೇನೆ. ಪಾಸ್ ಆದ ಫೈಲುಗಳಲ್ಲಿ ಮಾತ್ರ ಒಂದು ಸಾಮ್ಯ ಇತ್ತು. ಕಾಗದ ಹಳೇದಿತ್ತು.

ಹಳೇದು ಅಂದರೆ ಏನು? ಆಪರೇಷನ್ ಗೊತ್ತಾದ ವಾರ ಓಡಿ ಹೋಗಿ ಬರೆಸಿಕೊಂಡ ಸರ್ಟಿಫಿಕೇಟ್ ಅಲ್ಲ. ಮೂಳೆ ಡಾಕ್ಟರ ಚೀಟಿ, ಫಿಸಿಯೋಥೆರಪಿ ಬಿಲ್ಲು, ಚರ್ಮದ ಡಾಕ್ಟರು ಬರೆದ ಮುಲಾಮಿನ ಚೀಟಿ, ಎಲ್ಲಾ ತಾರೀಕಿನ ಸಮೇತ. ಭುಜದ ಹಳ್ಳದ ಬಗ್ಗೆ, ಚರ್ಮದ ಹುಣ್ಣಿನ ಬಗ್ಗೆ ಡಾಕ್ಟರು ತಮ್ಮ ಕೈಯಾರೆ ಒಂದು ಸಾಲು ಬರೆದಿರಬೇಕು. ನೀವು ಬಾಯಲ್ಲಿ ಹೇಳಿದ್ದು ಫೈಲಿನಲ್ಲಿ ಕಾಣೋದಿಲ್ಲ. ತೆಗೆದ ಭಾಗವನ್ನು ಓಟಿಯಲ್ಲಿ ತೂಕ ಮಾಡುತ್ತಾರೆ. ಆ ಗ್ರಾಂ ಲೆಕ್ಕ ಆಪರೇಷನ್ ನೋಟ್ಸ್‌ನಲ್ಲಿ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರುವ ಹಾಗೆ ನೋಡಿಕೊಳ್ಳಿ.

ಅಡ್ಮಿಟ್ ಆಗುವ ಮುಂಚೆಯೇ ಪ್ರೀ ಆಥರೈಸೇಷನ್, ಅಂದರೆ ಮುಂಗಡ ಒಪ್ಪಿಗೆಯ ಅರ್ಜಿ ಕಳಿಸಿ, ಉತ್ತರ ಬರಹದಲ್ಲಿ ತರಿಸಿಕೊಳ್ಳಿ. ಕಂಪನಿ ಕೊಡೋದಿಲ್ಲ ಅಂದರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಿರಿ. ಮೂವತ್ತು ದಿನ ಸುಮ್ಮನಿದ್ದರೆ ಅಥವಾ ಕೊಟ್ಟ ಉತ್ತರ ಸರಿ ಅನ್ನಿಸದಿದ್ದರೆ ವಿಮಾ ಒಂಬುಡ್ಸ್‌ಮನ್, ಅಂದರೆ ಇಂಥ ದೂರು ತೀರ್ಮಾನಿಸುವ ಅಧಿಕಾರಿಯ ಹತ್ತಿರ ಹೋಗಬಹುದು. ನಮ್ಮ ರಾಜ್ಯದ್ದು ಬೆಂಗಳೂರಿನಲ್ಲಿದೆ. ಫೀಸಿಲ್ಲ, ವಕೀಲರೂ ಬೇಡ. ಕಂಪನಿಯ ಉತ್ತರ ಬಂದು ಒಂದು ವರ್ಷದೊಳಗೆ ಹಾಕಬೇಕು.

ಇನ್ನೊಂದು. ಬರೀ ಅಂದಕ್ಕೆ ಮಾಡುವ ಸರ್ಜರಿ ಅಂತ ಬಿಲ್ ಮಾಡಿದರೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಆಸ್ಪತ್ರೆ ಚಿಕಿತ್ಸೆಗೆ ಇರುವ ವಿನಾಯಿತಿ ಅದಕ್ಕಿಲ್ಲ. ‘ಪ್ಯಾಕೇಜ್’ ಅಂತ ಹೇಳಿದ ಮೊತ್ತದಲ್ಲಿ ಇದು ಸೇರಿದೆಯೋ ಇಲ್ಲವೋ, ಬ್ರಾ, ಬಯಾಪ್ಸಿ, ಆಮೇಲಿನ ಡ್ರೆಸಿಂಗ್ ಸೇರಿದೆಯೋ ಇಲ್ಲವೋ, ಬಿಡಿಸಿ ಕೇಳಿ.

ತುಂಗಾತೀರ

ಕಾಕಾ ಹೇಳಿದ್ದು ನೂರಕ್ಕೆ ನೂರು. ನನ್ನದು ತಿರಸ್ಕಾರ ಆಯಿತು, ಕೈಯಿಂದಲೇ ಕಟ್ಟಿದೆ. ಎಲ್ಲಾ ಸೇರಿ ಎರಡು ಲಕ್ಷದ ಮೇಲಾಯಿತು. ಚೀಟಿ ಎಲ್ಲಾ ಹಳೇ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟು ಕಳೆದುಹೋಗಿತ್ತು.

ಮಿಡ್‌ಲ್ಯಾಂಡ್ಸ್ ಕನ್ನಡತಿ

ನಾನಿರೋದು ಇಂಗ್ಲೆಂಡಿನಲ್ಲಿ. ಇಲ್ಲಿ ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಪುಕ್ಕಟೆ ಅಲ್ವಾ ಅಂತ ಊರಿನವರು ಕೇಳ್ತಾರೆ. ಹಾಗೇನಿಲ್ಲ. ನಿಯಮದ ಪ್ರಕಾರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 27ಕ್ಕಿಂತ ಕಡಿಮೆ ಇರಬೇಕು, ಅದೂ ಹನ್ನೆರಡು ತಿಂಗಳು ಹಾಗೇ ನಿಂತಿರಬೇಕು. ಒಂದೊಂದು ಕಡೆಯಿಂದ ಅರ್ಧ ಕೆಜಿ ಅಥವಾ ನಾಲ್ಕು ಕಪ್ ಸೈಜಿನಷ್ಟು ತೆಗೆಯುವ ಹಾಗಿರಬೇಕು. ಸರಿಯಾಗಿ ಅಳತೆ ಮಾಡಿಸಿದ ಬ್ರಾ ಹಾಕಿಯೂ ಬೆನ್ನುನೋವು ಹೋಗಿಲ್ಲ ಅಂತ ತೋರಿಸಬೇಕು. ಬಿಎಂಐ ಜಾಸ್ತಿ ಅಂತ ನನ್ನನ್ನು ವಾಪಸ್ ಕಳಿಸಿದರು.

ಆ ಬ್ರಾ ಅಳತೆ ಮಾತ್ರ ನನಗೆ ಉಪಯೋಗಕ್ಕೆ ಬಂತು. ಊರಲ್ಲಿದ್ದಾಗ ಅಂಗಡಿಯಲ್ಲಿ ‘42 ಕೊಡಿ’ ಅಂತ ತಂದು ಹಾಕ್ತಿದ್ದೆ. ನನಗೆ ಬೇಕಿದ್ದದ್ದು ಸುತ್ತಳತೆ ಕಡಿಮೆ, ಕಪ್ ದೊಡ್ಡದು. ಸುತ್ತು ಪಟ್ಟಿ ಬಿಗಿಯಾಗಿದ್ದರೆ ಭಾರ ಅದು ಹೊರುತ್ತೆ, ಭುಜ ಅಲ್ಲ. ಅಪಾಯಿಂಟ್‌ಮೆಂಟ್ ಸಿಗುವವರೆಗೆ ಟೀಚರ್ ಇದೊಂದು ಮಾಡಿ ನೋಡಿ.

ಮೈಸೂರು ಪಾಕಿ

ನನಗೆ 21. ನನಗೂ ಇದೇ ತೊಂದರೆ. ಅಮ್ಮ ‘ಮದುವೆ ಆಗಿ ಮಕ್ಕಳಾಗಲಿ, ಆಮೇಲೆ ನೋಡೋಣ’ ಅಂತಾರೆ. ಮಗುವಿಗೆ ಹಾಲು ಬರೋದಿಲ್ಲ ಅಂತ ಹೆದರಿಸ್ತಾರೆ. ನಿಜಾನಾ?

ಓಟಿ ದೀಪ

ಅರ್ಧ ನಿಜ. ಪೆಡಿಕಲ್ ಮೇಲೆ ತೊಟ್ಟು ಉಳಿಸಿದರೆ ಹಾಲಿನ ನಾಳ ಒಂದಷ್ಟು ಉಳಿಯುತ್ತೆ. ಕೆಲವರು ಪೂರ್ತಿ ಕುಡಿಸುತ್ತಾರೆ, ಕೆಲವರು ಮೇಲುಹಾಲು ಸೇರಿಸುತ್ತಾರೆ, ಕೆಲವರಿಗೆ ಬರೋದೇ ಇಲ್ಲ. ಮೊದಲೇ ಹೇಳೋಕೆ ಆಗೋದಿಲ್ಲ. ಬೆಳವಣಿಗೆ ನಿಂತ ಮೇಲೆ ಮಾಡಿಸಬಹುದು, 21 ಚಿಕ್ಕ ವಯಸ್ಸೇನಲ್ಲ. ಆದರೆ ಬಸುರಿ, ಬಾಣಂತನದಲ್ಲಿ ಎದೆ ಮತ್ತೆ ದೊಡ್ಡದಾಗಿ ಜೋಲಬಹುದು. ಒಂದೆರಡು ವರ್ಷದಲ್ಲೇ ಮಗು ಬೇಕು ಅಂತಿದ್ದರೆ ಕಾಯೋದಕ್ಕೆ ಅರ್ಥ ಇದೆ. ಮದುವೆಯೇ ಗೊತ್ತಿಲ್ಲ, ನೋವು ಮಾತ್ರ ದಿನಾ ಇದೆ ಅಂದರೆ ಯಾಕೆ ಕಾಯಬೇಕು?

ತುಂಗಾತೀರ

ಪಾಕಿ ಪುಟ್ಟ, ಅಮ್ಮನನ್ನೂ ಡಾಕ್ಟರ ಹತ್ತಿರ ಕರ್ಕೊಂಡು ಹೋಗು. ಗಂಡಿನ ಕಡೆಯವರು ಏನಂತಾರೋ ಅನ್ನೋ ಭಯ ಅವರಿಗೆ. ಎದುರಿಗೆ ಕೂತು ಕೇಳಿದರೆ ಅರ್ಧ ಇಳಿಯುತ್ತೆ. ಮದುವೆಯಾಗುವ ಹುಡುಗನಿಗೆ ಹೇಳಬೇಕೋ ಬೇಡವೋ ಅಂದರೆ, ನಾನಾದರೆ ಹೇಳ್ತೀನಿ. ಬೆನ್ನುನೋವಿಗೆ ಆಪರೇಷನ್ ಮಾಡಿಸಿಕೊಂಡ ಹುಡುಗಿ ಬೇಡ ಅನ್ನುವವನು ಮೊದಲೇ ಎದ್ದು ಹೋದರೆ ಮಂಟಪದ ಖರ್ಚು ಉಳೀತು.

ನಿರ್ವಾಹಕಿ

ಇಲ್ಲಿ ಯಾರೂ ಫೋಟೋ ಹಾಕಬೇಡಿ, ಕೇಳಲೂಬೇಡಿ. ಆಸ್ಪತ್ರೆ, ಡಾಕ್ಟರ್ ಹೆಸರು ಶಿಫಾರಸು ಮಾಡುವ ಎರಡು ಪೋಸ್ಟ್ ತೆಗೆದಿದ್ದೇನೆ, ಎರಡೂ ಹೊಸ ಖಾತೆಯಿಂದ ಬಂದಿದ್ದವು. ಸರ್ಜನ್ ನೋಡುವಾಗ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ) ಪದವಿ ಇದೆಯಾ ಕೇಳಿ. ನೋಂದಣಿ ಸಂಖ್ಯೆ ಸರಿಯಿದೆಯಾ ಅಂತ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ವಿಚಾರಿಸಬಹುದು. ಬ್ಯೂಟಿ ಕ್ಲಿನಿಕ್ ಬೋರ್ಡ್ ನೋಡಿ ಹೋಗಬೇಡಿ.

ಬೆಣ್ಣೆದೋಸೆ ಟೀಚರ್

ಎಷ್ಟು ಥ್ಯಾಂಕ್ಸ್ ಹೇಳಲಿ. ಹಳೇ ಚೀಟಿ ಎಲ್ಲಾ ಹುಡುಕಿ ಒಂದು ಫೈಲ್ ಮಾಡಿದೆ. ಚರ್ಮದ ಡಾಕ್ಟರ್ ಹತ್ತಿರ ಇದುವರೆಗೆ ಹೋಗೇ ಇರಲಿಲ್ಲ, ಅಂಗಡಿಯಲ್ಲಿ ಕೇಳಿ ಮುಲಾಮು ತರ್ತಿದ್ದೆ. ಈ ವಾರ ಹೋಗ್ತೀನಿ. ನನ್ನ ಪ್ರಶ್ನೆ ಎರಡೇ ಉಳಿದಿವೆ. ಆಪರೇಷನ್‌ಗೆ ಮುಂಚೆ ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ ಬೇಕಾ? ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಮತ್ತೆ ಬೋರ್ಡ್ ಮೇಲೆ ಬರೆಯೋಕೆ ಕೈ ಎತ್ತಬೇಕಲ್ಲ, ರಜೆ ಎಷ್ಟು ಹಾಕಲಿ?

ಓಟಿ ದೀಪ

ದೊಡ್ಡಮ್ಮನ ವಿಷಯ ಮೊದಲ ಭೇಟಿಯಲ್ಲೇ ಹೇಳಿ. ನಲವತ್ತು ದಾಟಿದವರಿಗೆ, ಇಲ್ಲವೇ ಮನೆತನದಲ್ಲಿ ಕ್ಯಾನ್ಸರ್ ಇದ್ದವರಿಗೆ ಮೊದಲೇ ಸ್ಕ್ಯಾನಿಂಗ್ ಅಥವಾ ಮ್ಯಾಮೋಗ್ರಾಮ್ ಮಾಡಿಸುತ್ತೇವೆ. ತೆಗೆದ ಭಾಗವನ್ನು ಪೆಥಾಲಜಿಗೆ ಕಳಿಸುತ್ತೇವೆ, ಆ ರಿಪೋರ್ಟ್ ಕೇಳಿ ಪಡೆದು ಫೈಲಿಗೆ ಸೇರಿಸಿ. ಮುಂದೆ ಯಾವತ್ತು ಮ್ಯಾಮೋಗ್ರಾಮ್‌ಗೆ ಹೋದರೂ ಈ ಆಪರೇಷನ್ ಆಗಿದೆ ಅಂತ ಹೇಳಿ. ಒಳಗಿನ ಕಲೆ, ಕೊಬ್ಬಿನ ಗಂಟು ಚಿತ್ರದಲ್ಲಿ ಬೇರೆ ಥರ ಕಾಣುತ್ತೆ.

ಕೂತು ಮಾಡುವ ಕೆಲಸಕ್ಕೆ ಎರಡು ವಾರದ ಹೊತ್ತಿಗೆ ತುಂಬಾ ಜನ ಹೋಗ್ತಾರೆ. ನಿಮ್ಮದು ನಿಂತು, ಕೈ ಎತ್ತುವ ಕೆಲಸ. ನಾಲ್ಕು ವಾರ ಇಟ್ಟುಕೊಳ್ಳಿ, ಆಮೇಲೂ ಕೆಲವು ವಾರ ಭುಜಕ್ಕಿಂತ ಮೇಲೆ ಬರೆಯಬೇಡಿ. ಸ್ಕೂಟರ್ ಕೂಡ ಸ್ವಲ್ಪ ದಿನ ಬೇಡ, ಹಂಪ್ ಬಂದಾಗ ಗೊತ್ತಾಗುತ್ತೆ.

ಬೆಣ್ಣೆದೋಸೆ ಟೀಚರ್

ಹಾಗಾದರೆ ಬೇಸಿಗೆ ರಜೆಯೇ ಸರಿ. ಏಪ್ರಿಲ್ ಸೆಕೆಯಲ್ಲಿ ಆ ಬಿಗಿ ಬ್ರಾ ಹಾಕಿಕೊಂಡು ಹೇಗಪ್ಪಾ ಇರೋದು?

ಕಡಲಕಿನಾರೆ

ನಾನು ಉಡುಪಿ ಸೆಕೆಯಲ್ಲಿ ಮೇ ತಿಂಗಳು ಕಳೆದಿದ್ದೀನಿ ಟೀಚರೇ. ಫ್ಯಾನ್ ಕೆಳಗೆ ಮಂಚ ಹಾಕಿಸಿ, ಒಳಗೆ ತೆಳು ಕಾಟನ್ ಬನಿಯನ್ ಹಾಕಬಹುದಾ ಅಂತ ಡ್ರೆಸಿಂಗ್ ಮಾಡುವ ಸಿಸ್ಟರ್‌ನ ಕೇಳಿ. ನನಗೆ ಹಾಕೋಕೆ ಬಿಟ್ಟಿದ್ದರು.

ತುಂಗಾತೀರ

ಕರೆಂಟ್ ಹೋದಾಗ ಬೀಸೋಕೆ ಮಗ ಇದ್ದಾನಲ್ಲ. ಅವನಿಗೂ ರಜೆ ತಾನೇ?